ಮಗಳಿಗೊಂದು ಪತ್ರ: ಬೈಂಡು ಹಾಕಿ ಓದಿದ ಪುಸ್ತಕ

ತೀರ್ಥಹಳ್ಳಿ

ಪ್ರೀತಿಯ ಮಗಳಿಗೆ,

ನೀನು ಬಿಟ್ಟುಹೋದ ವಸುಧೇಂದ್ರರ 'ಮೋಹನಸ್ವಾಮಿ'ಯನ್ನು ನಿನ್ನೆ ರಾತ್ರಿ ಓದಿ ಮುಗಿಸಿದೆ. ತಡವಾದದ್ದಕ್ಕೆ ಅಡಿಕೆ ಕೊಯ್ಲು ಅರ್ಧ ಕಾರಣ. ಇನ್ನರ್ಧವನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಗಂಡಸು ಗಂಡಸನ್ನು ಬಯಸುವ ಕಥೆಗಳು ಎಂದು ತಿಳಿದ ದಿನವೇ ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಅದಕ್ಕೆ ಬೈಂಡು ಹಾಕಿದೆ, ಅಡಿಕೆ ಸುಲಿಯಲು ಬರುವವರ ಕಣ್ಣಿಗೆ ಬೀಳದಿರಲಿ ಎಂದು.

ಅದೇ ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ನಾವು ಯಾರ ಸುದ್ದಿ ಆಡಿಲ್ಲ? ಯಾರು ಯಾರೊಡನೆ ಓಡಿಹೋದರು, ಯಾರ ಹಿತ್ತಿಲಿಗೆ ಯಾರು ಬರುತ್ತಿದ್ದರು, ಎಲ್ಲವೂ ಬಂದುಹೋಗುತ್ತಿತ್ತು. ಈ ಒಂದು ಬಯಕೆಗೆ ಮಾತ್ರ ನಮ್ಮ ಹರಟೆಯಲ್ಲಿಯೂ ಜಾಗವಿರಲಿಲ್ಲ.

ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ಅನಂತಮೂರ್ತಿಯವರ 'ಘಟಶ್ರಾದ್ಧ' ಓದಿ ಅತ್ತಿದ್ದೆ. ಅವರು ನಮ್ಮದೇ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದವರು. ಆ ಅಗ್ರಹಾರ, ಆ ಕಾಡು ನನಗೆ ಹೊಸದಾಗಿರಲಿಲ್ಲ. ಬಸುರಿಯಾದ ವಿಧವೆ ಯಮುನಕ್ಕ ಬದುಕಿರುವಾಗಲೇ ಸತ್ತವಳೆಂದು ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಅವಳು ಬಯಸಿದ್ದು ಸರಿಯೋ ತಪ್ಪೋ ಎಂದು ನಾನು ಒಂದು ಗಳಿಗೆಯೂ ಕೇಳಿಕೊಳ್ಳಲಿಲ್ಲ. ಹಾಗಿದ್ದವಳು ಮೋಹನಸ್ವಾಮಿಯ ಎದುರು ಪಂಚಾಯಿತಿ ಮಾಡಲು ಕುಳಿತೆನಲ್ಲ ಎಂದು ಈಗ ನಾಚಿಕೆಯಾಗುತ್ತಿದೆ.

ಪುಸ್ತಕ ಬಂದದ್ದು 2013ರಲ್ಲಿ. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್, ಇಂಥ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮನ್ನು ಎತ್ತಿಹಿಡಿಯಿತು. ಒಪ್ಪಿ ಕೂಡಿದ ವಯಸ್ಕರ ಸಂಬಂಧ ಅಪರಾಧವಲ್ಲ ಎಂದು ಅದೇ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಎರಡೂ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಮಡಿಸಿಟ್ಟು ಅಡುಗೆಗೆ ಎದ್ದಿದ್ದೆ.

ಕಥೆಯನ್ನು ಹಾಗೆ ಮಡಿಸಿಡಲಾಗಲಿಲ್ಲ. ಜೊತೆಗೆ ಬಾಳಿದ ಗೆಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿ ಪಡುವ ಸಂಕಟವಿದೆಯಲ್ಲ, ಅಲ್ಲಿ ನನ್ನ ಬಿಗಿ ಸಡಿಲಿತು. ಗಂಡ ಬಿಟ್ಟುಹೋದರೆ ಹೆಂಡತಿ ತವರಿಗೆ ಹೋಗಿ ಅಳಬಹುದು, ನಾಲ್ಕು ಜನರನ್ನು ಸೇರಿಸಿ ನ್ಯಾಯ ಕೇಳಬಹುದು. ಇವನು ಯಾರ ಮನೆಯ ಬಾಗಿಲು ತಟ್ಟಬೇಕು? ಕಳೆದುಕೊಂಡದ್ದನ್ನು ತನ್ನದಾಗಿತ್ತೆಂದು ಹೇಳಿಕೊಳ್ಳುವ ಹಾಗೂ ಇಲ್ಲ. ದೀಪ ಆರಿಸಿದ ಮೇಲೂ ಬಹಳ ಹೊತ್ತು ನಿದ್ದೆ ಬರಲಿಲ್ಲ.

ದೇಹದ ವಿವರಗಳು ಬಂದ ಕಡೆ ಮೊದಲ ಸಲ ಹಾಳೆ ಹಾರಿಸಿದೆ. ಆಮೇಲೆ ಹಿಂದಕ್ಕೆ ಬಂದು ಓದಿದೆ. ಅವು ಬೇಕು ಎಂದೇ ಈಗ ನನಗನ್ನಿಸುತ್ತದೆ. ಅವನ್ನು ತೆಗೆದರೆ ಮೋಹನಸ್ವಾಮಿ ನಾವು ಅಯ್ಯೋ ಪಾಪ ಎನ್ನಲಿಕ್ಕೆ ಮಾಡಿಟ್ಟ ಬೊಂಬೆಯಾಗುತ್ತಾನೆ; ಆಸೆಯೂ ಹೊಟ್ಟೆಕಿಚ್ಚೂ ಇರುವ ಮನುಷ್ಯನಾಗಿ ಉಳಿಯುವುದಿಲ್ಲ.

ಇಂದು ಬೆಳಿಗ್ಗೆ ನಿನ್ನ ದೊಡ್ಡಮ್ಮ ಬಂದಿದ್ದರು. ಯಾವ ಪುಸ್ತಕ ಎಂದು ಕೇಳಿದರು. ಯಾವುದು, ಯಾರ ಬಗ್ಗೆ ಎಂದು ಹೇಳಿಯೇ ಕೊಟ್ಟಿದ್ದೇನೆ. ಅವರ ಓದು ನಿಧಾನ, ನಿನಗೆ ಗೊತ್ತು. ಬೇಕಿದ್ದರೆ ನೀನು ಇನ್ನೊಂದು ಪ್ರತಿ ಕೊಂಡುಕೋ.

ನಿನ್ನ
ಅಮ್ಮ