ಈ ವಾರದ ಚಿತ್ರ: ಲೇಸರ್ ಹೊತ್ತ ಉಪಗ್ರಹ

ಎಲ್ಲರಿಗೂ ನಮಸ್ಕಾರ. ಈ ಸಲ ಲೇಸರ್ ಅಸ್ತ್ರ ಹೊತ್ತ ಉಪಗ್ರಹ ಬರೆಯೋಣ. ಕ್ರಿಟಾ, ಬ್ಲೆಂಡರ್, ಮೊಬೈಲ್ ಆ್ಯಪ್, ಯಾವುದಾದರೂ ಸರಿ. ಎಐಗೆ ಹೇಳಿ ಮಾಡಿಸಿದ್ದು ಮಾತ್ರ ಬೇಡ.

ಕಿರಣದ ವಿಚಾರ ಮೊದಲೇ ಹೇಳಿಬಿಡ್ತೀನಿ. ಮೇಲೆ ಗಾಳಿ, ಹೊಗೆ ಇಲ್ಲದ್ದರಿಂದ ಬೆಳಕು ಚದುರಲ್ಲ, ಪಕ್ಕದಿಂದ ನೋಡೋರಿಗೆ ಲೇಸರ್ ಗೆರೆ ಕಾಣೋದೇ ಇಲ್ಲ. ಕೆಂಪು ಗೆರೆ ಎಳೆದರೆ ಯಾರೂ ಬೈಯಲ್ಲ ಬಿಡಿ. ಆದರೆ ಗುರಿಯ ಮೇಲೆ ಕಾದು ಬೆಳ್ಳಗಾದ ಒಂದು ಚುಕ್ಕೆ, ಸುತ್ತ ಸುಕ್ಕುಗಟ್ಟಿ ಸುರುಳಿಯಾದ, ಉಪಗ್ರಹಕ್ಕೆ ಹೊದಿಸೋ ಬಂಗಾರದ ಬಣ್ಣದ ಹಾಳೆ, ಇಷ್ಟೇ ಬರೆದು ನೋಡಿ, ಅದರ ಗಮ್ಮತ್ತೇ ಬೇರೆ. ಲೇಸರ್ ಸಿಕ್ಕಾಪಟ್ಟೆ ಬಿಸಿಯಾಗುತ್ತೆ, ಹಾಗಾಗಿ ಶಾಖ ಹೊರಹಾಕೋ ಅಗಲದ ರೇಡಿಯೇಟರ್ ಹಲಗೆ ಇರಲಿ. ನೆರಳು ಕಡುಕಪ್ಪು, ಅಂಚು ಚೂಪು. ಭೂಮಿ ಕಡೆಯ ಮೈಗೆ ತುಸು ನೀಲಿ ಬೆಳಕು.

ಮಾದರಿ ಬೇಕಾದವರು ಸೋವಿಯತ್ತಿನ 'ಪೋಲ್ಯುಸ್' ಹುಡುಕಿ. 1987ರ ಮೇ 15ರಂದು ಎನರ್ಜಿಯಾ ರಾಕೆಟ್ ಹೊತ್ತೊಯ್ದ, ಸುಮಾರು 37 ಮೀಟರ್ ಉದ್ದದ ಕಪ್ಪು ನೌಕೆ. ಲೇಸರ್ ಅಸ್ತ್ರದ ಯೋಜನೆಗೆ ಮಾಡಿದ ಅಣಕು ಮಾದರಿ ಅದು; ಕಕ್ಷೆ ಸೇರದೆ ಪೆಸಿಫಿಕ್‌ಗೆ ಬಿತ್ತು.

ನಮ್ಮ ಹಾಸನದ ಸಾಲಗಾಮೆ ರಸ್ತೆಯ ಎಂಸಿಎಫ್ (ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ) ನೋಡಿಕೊಳ್ಳೋ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಮೇಲಿರ್ತವೆ. ಅಲ್ಲಿಂದಾದರೆ ಭೂಮಿ ಪೂರ್ತಿ ಗುಂಡಗೆ ಕಾಣಬೇಕು. ಮತ್ತೆ ದಯವಿಟ್ಟು ಯಾರೂ ಇಸ್ರೊ ಲಾಂಛನ ಹಾಕಬೇಡಿ. ನಾಲ್ಕು ಗುಂಪಿಗೆ ಫಾರ್ವರ್ಡ್ ಆದರೆ ಸಾಕು, ಚಿತ್ರ ಹೋಗಿ ಸುದ್ದಿ ಆಗಿಬಿಡುತ್ತೆ!

ಭಾನುವಾರ ರಾತ್ರಿಯೊಳಗೆ ಕಳಿಸಿ. ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ. ಇಲ್ಲದಿದ್ದರೆ ಕಪ್ಪು ಆಕಾಶವೆಲ್ಲ ಪಟ್ಟೆಪಟ್ಟೆ ಆಗುತ್ತೆ.