ಮಂಜನಿಗೆ, ಗೂಡ್ಸ್ ಗಾಡಿಯ ವಿಚಾರವಾಗಿ

ಪ್ರೀತಿಯ ಮಂಜ,

ಹೋದ ಭಾನುವಾರ ಫೋನಿನಲ್ಲಿ ನೀನು ಹೇಳಿದ ಮಾತು ಮನಸ್ಸಿನಿಂದ ಹೋಗುತ್ತಲೇ ಇಲ್ಲ. "ಅಪ್ಪ ಸ್ಟೇಷನ್ ಕಡೆ ಹೋಗೋದೇ ಬಿಟ್ಟಿದ್ದಾರೆ ಕಣೋ, ಮಂಡಿ ನೋವು. ಗಾಡಿ ಸದ್ದು ಕೇಳಿದ ತಕ್ಷಣ ಗೋಡೆ ಗಡಿಯಾರ ನೋಡ್ತಾರೆ, ಅಷ್ಟೇ" ಅಂದೆ. ಆವತ್ತೇ ನಿನಗೆ ಒಂದು ವಿಷಯ ಹೇಳಬೇಕು ಅನ್ನಿಸಿತು. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಪತ್ರ. ನಮ್ಮ ಶಾಲೆಯ ಉಳಿದ ಗೆಳೆಯರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನಗೆ ಬೇಜಾರಿಲ್ಲ ಅಲ್ವಾ?

ಇಲ್ಲಿ ಅಮೆರಿಕದ ಓಹಾಯೋದಲ್ಲಿ ತಿಂಗಳಿಗೊಂದು ಶನಿವಾರ ನಾನು ಒಬ್ಬರ ಮನೆಗೆ ಹೋಗುತ್ತೇನೆ. ಎಪ್ಪತ್ತು ದಾಟಿದ ಹಿರಿಯರು. ಅವರ ಮನೆಯ ನೆಲಮಾಳಿಗೆಯ ತುಂಬ ಒಂದು ಮಾದರಿ ರೈಲ್ವೆ ಇದೆ. ಎದೆಮಟ್ಟದ ಬೆಂಚು ಗೋಡೆಯುದ್ದಕ್ಕೂ ಸುತ್ತಿಕೊಂಡು ಹೋಗುತ್ತದೆ. ಅದರ ಮೇಲೆ ಬೆಟ್ಟ, ಹೊಳೆ, ಐದು ಸಣ್ಣ ಊರು, ಒಂದು ಕಲ್ಲಿದ್ದಲು ಗಣಿ. ಎಚ್‌ಒ ಅಳತೆ, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು. ಹಳಿ ಹಳಿಯ ನಡುವೆ 16.5 ಮಿಲಿಮೀಟರ್. ನಲವತ್ತು ಅಡಿಯ ವ್ಯಾಗನ್ ಅಲ್ಲಿ ಸುಮಾರು ಐದೂವರೆ ಇಂಚು. ಕಾಲ ಯಾವಾಗಲೂ 1956ರ ಅಕ್ಟೋಬರ್. ಚಳಿಗಾಲ ಬರುವ ಮುಂಚೆ ಕಲ್ಲಿದ್ದಲು ಜಾಸ್ತಿ ಸಾಗುವ ತಿಂಗಳು. ಉಗಿ ಎಂಜಿನ್ನೂ ಡೀಸೆಲ್ಲೂ ಒಂದೇ ಹಳಿಯ ಮೇಲೆ ಓಡುತ್ತಿದ್ದ ವರ್ಷಗಳು ಅವು.

ಮಗ ಸಣ್ಣವನಿದ್ದಾಗ ನಾನೂ ಒಂದು ರೈಲು ತಂದಿದ್ದೆ. ಗುಂಡಗಿನ ಹಳಿ, ಒಂದು ಎಂಜಿನ್, ನಾಲ್ಕು ಡಬ್ಬಿ. ಎರಡು ವಾರ ಸುತ್ತಿತು, ಆಮೇಲೆ ಅಟ್ಟ ಸೇರಿತು. ಮೂರು ಸುತ್ತು ಆದ ಮೇಲೆ ಅದಕ್ಕೆ ಮಾಡೋಕೆ ಕೆಲಸವೇ ಇರಲಿಲ್ಲ. ಆ ಹಿರಿಯರ ಮನೆಯಲ್ಲಿ ಯಾವ ಗಾಡಿಯೂ ಸುಮ್ನೆ ಸುತ್ತುವುದಿಲ್ಲ. ಅಲ್ಲಿ ಪ್ರತಿ ವ್ಯಾಗನ್‌ಗೂ ಹೋಗಬೇಕಾದ ಒಂದು ಊರಿದೆ, ಹೋಗಲು ಒಂದು ಕಾರಣವಿದೆ.

ಹೇಗೆ ಅಂತ ಹೇಳುತ್ತೇನೆ. ಮೊದಲ ಸಲ ಹೋದಾಗ ಅವರು ನನ್ನ ಕೈಗೆ ಇಸ್ಪೀಟಿನ ಕಟ್ಟಿನಂಥ ಒಂದು ಕಟ್ಟು ಕೊಟ್ಟರು. ಒಂಬತ್ತು ಕಾರ್ಡು. ಒಂದೊಂದು ಕಾರ್ಡೂ ಒಂದೊಂದು ವ್ಯಾಗನ್ನಿನದು. ಮೇಲೆ ಅದರ ಕಂಪನಿಯ ಅಕ್ಷರ, ನಂಬರು, ಬಣ್ಣ. ಕೆಳಗೆ ಸಣ್ಣ ಜೇಬು, ಜೇಬಿನಲ್ಲಿ ಒಂದು ಚೀಟಿ. ಚೀಟಿಯ ಎರಡು ಮುಖದಲ್ಲೂ ಮೇಲೊಂದು ಕೆಳಗೊಂದು, ಒಟ್ಟು ನಾಲ್ಕು ಬರಹ. ಮೊದಲನೆಯ ಕಾರ್ಡಿನ ಚೀಟಿಯಲ್ಲಿ "ಖಾಲಿ, ಮೇಜು ಕುರ್ಚಿ ಫ್ಯಾಕ್ಟರಿಗೆ" ಅಂತಿತ್ತು. ಚೀಟಿ ತಿರುಗಿಸಿದರೆ "ಸರಕು ತುಂಬಿದೆ, ಷಿಕಾಗೋಗೆ." ಇನ್ನೊಂದು ಮಗ್ಗುಲಲ್ಲಿ "ಷಿಕಾಗೋದಿಂದ ದನದ ಹಿಂಡಿ, ಹಿಂಡಿ ಮಿಲ್ಲಿಗೆ." ನಾಲ್ಕನೆಯದರಲ್ಲಿ "ಖಾಲಿ, ಯಾರ್ಡಿಗೆ ವಾಪಸ್." ಒಂದು ಶನಿವಾರಕ್ಕೆ ಒಂದು ಮಗ್ಗುಲು. ಆಟ ಮುಗಿದ ಮೇಲೆ ಹಿರಿಯರು ಒಬ್ಬರೇ ಕೂತು ಚೀಟಿಗಳನ್ನೆಲ್ಲ ತಿರುಗಿಸಿಡುತ್ತಾರೆ. ಹೋದ ತಿಂಗಳು ನಾನು ಬಿಟ್ಟು ಬಂದ ವ್ಯಾಗನ್ನನ್ನು ಈ ತಿಂಗಳು ಇನ್ಯಾರೋ ತುಂಬಿಸಿಕೊಂಡು ಹೋಗುತ್ತಾರೆ.

ಆ ಚೀಟಿ ಕೈಯಲ್ಲಿ ಹಿಡಿದಾಗ ನನಗೆ ನಿಮ್ಮಪ್ಪ ಕಣ್ಣಿಗೆ ಕಟ್ಟಿದರು.

ನೆನಪಿದೆಯಾ, ಶಾಲೆ ಬಿಟ್ಟ ಮೇಲೆ ಅರಸೀಕೆರೆ ಯಾರ್ಡಿನ ಬೇಲಿ ಹತ್ತಿ ಕೂರುತ್ತಿದ್ದೆವು. ನಿಮ್ಮಪ್ಪ ಆಗ ಶಂಟಿಂಗ್ ಜಮಾದಾರರು, ವ್ಯಾಗನ್ ಬಿಡಿಸಿ ಕೂಡಿಸಿ ಗಾಡಿ ಕಟ್ಟಿಸುವವರು. ಮೀಟರ್‌ಗೇಜ್ ಕಾಲ. ವೈಜಿ ಅನ್ನುವ ಉಗಿ ಎಂಜಿನ್ನು ಹಬೆ ಬಿಡುತ್ತಾ ನಿಂತಿರುತ್ತಿತ್ತು. ವ್ಯಾಗನ್ನಿನ ಮಗ್ಗುಲಲ್ಲಿ ತಗಡಿನ ಕ್ಲಿಪ್ಪು, ಅದರಲ್ಲಿ ಸಿಕ್ಕಿಸಿದ ರಟ್ಟಿನ ಲೇಬಲ್ಲು. ನಿಮ್ಮಪ್ಪ ಒಂದೊಂದರ ಹತ್ತಿರವೂ ದೀಪ ಎತ್ತಿ ಹಿಡಿದು ಓದಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಮುಂದಕ್ಕೆ ಹೋಗುತ್ತಿದ್ದರು. ಒಂದು ಸಂಜೆ ನನ್ನನ್ನು ಎತ್ತಿಕೊಂಡು ಲೇಬಲ್ಲು ತೋರಿಸಿದರು. ತಿಪಟೂರಿನ ಕೊಬ್ಬರಿ. ಬಾಗಿಲ ಸಂದಿಯಿಂದ ವಾಸನೆ ಬರುತ್ತಿತ್ತು. "ಇದು ಎಲ್ಲಿಗೆ ಹೋಗಬೇಕು ಅಂತ ಎಂಜಿನ್‌ಗೆ ಗೊತ್ತಿಲ್ಲ ಮಗಾ, ಈ ಚೀಟಿಗೆ ಗೊತ್ತು" ಅಂದರು. ನಲವತ್ತು ವರ್ಷದ ಮೇಲಾಯಿತು. ಓಹಾಯೋದ ನೆಲಮಾಳಿಗೆಯಲ್ಲಿ ನಿಂತು ನನಗೆ ಆ ಮಾತು ಪೂರ್ತಿ ಅರ್ಥವಾಯಿತು.

ಹೀಗೆ ಆಡುವುದು ಇಲ್ಲಿ ಹೊಸದಲ್ಲ. 1940ರ ದಶಕದಲ್ಲೇ ನ್ಯೂ ಆರ್ಲಿಯನ್ಸ್‌ನ ಫ್ರಾಂಕ್ ಎಲಿಸನ್ ಎಂಬುವರು ತಮ್ಮ ಡೆಲ್ಟಾ ಲೈನ್ಸ್ ಎಂಬ ಮಾದರಿ ರೈಲ್ವೆಯ ಬಗ್ಗೆ ಬರೆಯುತ್ತಾ, ಇದೊಂದು ನಾಟಕ, ಗಾಡಿಗಳೇ ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥೆ ಎಂಬ ಅರ್ಥದ ಮಾತು ಹೇಳಿದ್ದರು. ಕಾರ್ಡು-ಚೀಟಿಯ ಪದ್ಧತಿಯನ್ನು 1961ರಲ್ಲಿ ಡಗ್ ಸ್ಮಿತ್ ಬರೆದು ತಿಳಿಸಿದರು. ಆಮೇಲೆ ನಮ್ಮ ಓಹಾಯೋದವರೇ, ಡೇಟನ್‌ನ ಅಲೆನ್ ಮೆಕ್ಲೆಲೆಂಡ್. ಅವರು ಹೇಳಿದ್ದು ನನಗೆ ಬಹಳ ಹಿಡಿಸಿದ್ದು. ನಿಮ್ಮ ರೈಲ್ವೆ ನಿಮ್ಮ ಗೋಡೆಗೆ ಮುಗಿಯಬಾರದು, ಗೋಡೆಯ ಆಚೆಗೂ ಪ್ರಪಂಚ ಇದೆ ಅನ್ನಿಸಬೇಕು ಎಂಬುದು ಅವರ ವಿಚಾರ. ಅದಕ್ಕೇ ಕಣ್ಣಿಗೆ ಬೀಳದ ಹಾಗೆ ಬೆಟ್ಟದ ಹಿಂದೆ ಒಂದು ಯಾರ್ಡ್ ಇರುತ್ತದೆ. ಸ್ಟೇಜಿಂಗ್ ಅನ್ನುತ್ತಾರೆ. ಬಯಲಾಟದ ಚೌಕಿ ಇದ್ದ ಹಾಗೆ ಅನ್ನು. ವೇಷ ಕಟ್ಟಿಕೊಂಡ ಗಾಡಿ ಅಲ್ಲಿ ಕಾದಿರುತ್ತದೆ, ಹೊತ್ತು ಬಂದಾಗ ಸುರಂಗದಿಂದ ಹೊರಗೆ ಬರುತ್ತದೆ. ನೋಡುವವರಿಗೆ ಅದು ಷಿಕಾಗೋದಿಂದ ಬಂತು.

ಆ ಮನೆಯಲ್ಲಿ ನಾನು ಎಷ್ಟು ನೋಡಿದರೂ ಸಾಕಾಗದ್ದು ಕಲ್ಲಿದ್ದಲು ಗಣಿ. ಗೋಡೆಯ ಈ ಕಡೆ ಗಣಿ, ಆ ಕಡೆ ವಿದ್ಯುತ್ ಸ್ಥಾವರ. ಎರಡರ ಹಳಿಗಳೂ ಗೋಡೆಯಲ್ಲಿ ಕೊರೆದ ಕಿಂಡಿಯಲ್ಲಿ ಹಾದು ಒಂದಕ್ಕೊಂದು ಸೇರಿಕೊಂಡಿವೆ. ಸ್ಥಾವರದ ಕಡೆ ತುಂಬಿದ ವ್ಯಾಗನ್‌ಗಳನ್ನು ಒಳಗೆ ತಳ್ಳಿದರೆ, ಅವೇ ಗಣಿಯ ಕಡೆ "ಈಗಷ್ಟೇ ತುಂಬಿದವು" ಅಂತ ಹೊರಗೆ ಬರುತ್ತವೆ. ಪಕ್ಕದ ಹಳಿಯಲ್ಲಿ ಗಣಿಯ ಕಡೆ ಖಾಲಿ ತಳ್ಳಿದರೆ ಸ್ಥಾವರದ ಕಡೆ ಖಾಲಿ ಬರುತ್ತದೆ. ಕೈ ಹಾಕಿ ಕಲ್ಲಿದ್ದಲು ಸುರಿಯಬೇಕಿಲ್ಲ, ತೆಗೆಯಬೇಕಿಲ್ಲ. ತುಂಬಿದ್ದು ಯಾವಾಗಲೂ ಬೆಟ್ಟ ಇಳಿಯುತ್ತದೆ, ಖಾಲಿ ಯಾವಾಗಲೂ ಬೆಟ್ಟ ಹತ್ತುತ್ತದೆ. ಎಷ್ಟು ಸರಳ, ಎಷ್ಟು ಚೆಂದ ನೋಡು.

ಕೆಲಸ ಇಬ್ಬಿಬ್ಬರಿಗೆ. ಒಬ್ಬ ಡ್ರೈವರ್, ಒಬ್ಬ ಗಾರ್ಡ್. ಕಾರ್ಡು ಹಿಡಿದ ಗಾರ್ಡ್ ಹೇಳಿದ ಹಾಗೆ ಗಾಡಿ ನಡೆಯಬೇಕು. ಗಡಿಯಾರ ನಾಲ್ಕು ಪಟ್ಟು ಜೋರಾಗಿ ಓಡುತ್ತದೆ, ನಮ್ಮ ಹದಿನೈದು ನಿಮಿಷ ಅದಕ್ಕೆ ಒಂದು ಗಂಟೆ. ಗಾಡಿಗಳನ್ನು ಬಿಡುವ ಡಿಸ್ಪ್ಯಾಚರ್ ಬೇರೆ ಕೋಣೆಯಲ್ಲಿ ಕೂತಿರುತ್ತಾರೆ. ಅವರಿಗೆ ಹಳಿ ಕಾಣುವುದಿಲ್ಲ, ಫೋನು ಮತ್ತು ಕಾಗದ ಮಾತ್ರ. ಆ ಕಾಲದ ಅಮೆರಿಕದಲ್ಲಿ ಹೀಗೇ ಇತ್ತಂತೆ. ಡಿಸ್ಪ್ಯಾಚರ್ ಹೇಳಿ ಬರೆಸಿದ ಆರ್ಡರ್ 19 ನಂಬರಿನದಾದರೆ ಓಡುವ ಗಾಡಿಗೇ ಕೋಲಿನ ತುದಿಯಲ್ಲಿ ಸಿಕ್ಕಿಸಿ ಕೊಡುತ್ತಿದ್ದರು, 31 ನಂಬರಿನದಾದರೆ ಗಾಡಿ ನಿಲ್ಲಿಸಿ ಸಹಿ ಹಾಕಬೇಕಿತ್ತು. ನಮ್ಮಲ್ಲಿ ಪಾಯಿಂಟ್ಸ್‌ಮನ್ ದೊಡ್ಡ ಬಳೆಯಲ್ಲಿ ಟೋಕನ್, ಅಂದರೆ ಮುಂದಿನ ಸ್ಟೇಷನ್‌ವರೆಗೆ ಹೋಗುವ ಅನುಮತಿಯ ಗುರುತು, ಎತ್ತಿ ಹಿಡಿಯುತ್ತಿದ್ದರಲ್ಲ, ಓಡುವ ಎಂಜಿನ್ನಿನಿಂದ ಫೈರ್‌ಮನ್ ತೋಳು ತೂರಿಸಿ ಕಸಿದುಕೊಳ್ಳುತ್ತಿದ್ದನಲ್ಲ, ಅದೇ ಚಿತ್ರ.

ನನ್ನ ಮೊದಲ ಶನಿವಾರ ನಾನೊಂದು ತಪ್ಪು ಮಾಡಿದೆ. ಅದನ್ನು ಬಿಡಿಸಿ ಹೇಳುತ್ತೇನೆ, ನಿಮ್ಮಪ್ಪನಿಗೆ ಇದನ್ನು ಓದಿ ಹೇಳು.

ನನ್ನದು ಪೂರ್ವಕ್ಕೆ ಹೋಗುವ ಲೋಕಲ್ ಗೂಡ್ಸ್. ಮೂರನೆಯ ಊರಿನಲ್ಲಿ ಒಂದು ಮೇನ್ ಲೈನು, ಅದರಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಒಂದು ಲೂಪು, ಹಿಂಡಿ ಮಿಲ್ಲಿಗೆ ಹೋಗಿ ಅಲ್ಲೇ ಮುಗಿಯುವ ಒಂದು ಸೈಡಿಂಗು. ಸೈಡಿಂಗಿನ ಪಾಯಿಂಟು, ಅಂದರೆ ಹಳಿ ಕವಲೊಡೆಯುವ ಜಾಗ, ನನಗೆ ಎದುರಾಗಿತ್ತು. ಅಂದರೆ ಎಂಜಿನ್ ಮುಂದಿಟ್ಟುಕೊಂಡು ಒಳಗೆ ಹೋದರೆ ಎಂಜಿನ್ನೇ ಕೊನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಲೂಪಿನಲ್ಲಿ ಸುತ್ತಿ ಬಂದು ವ್ಯಾಗನ್ನಿನ ಹಿಂದೆ ಸೇರಿ ತಳ್ಳಬೇಕು. ನಾನು ಗಾಡಿಯನ್ನು ಮೇನ್ ಲೈನಿನ ಮೇಲೇ ಬಿಟ್ಟು ಆ ಕೆಲಸಕ್ಕೆ ಇಳಿದೆ. ಎರಡು ಕಪ್ಲಿಂಗಿನ ನಡುವೆ ಸಣ್ಣ ಬಿದಿರು ಕಡ್ಡಿ ಇಳಿಸಿ ಮೆಲ್ಲಗೆ ತಿರುಗಿಸಿದರೆ ಅವು ಬಿಟ್ಟುಕೊಳ್ಳುತ್ತವೆ. ವ್ಯಾಗನ್ನನ್ನು ಕೈಯಿಂದ ಎತ್ತಿಡುವಂತಿಲ್ಲ. ಎಂಜಿನ್ ನಡಿಗೆಯ ವೇಗದಲ್ಲಿ ಹೋಗಬೇಕು. ಕೂಡಿಸಿದ ಮೇಲೆ ಬ್ರೇಕ್‌ಮನ್ ಇಳಿದು ಗಾಳಿ ಪೈಪು ಜೋಡಿಸುವಷ್ಟು ಹೊತ್ತು ಕಾಯಬೇಕು. ಅಲ್ಲಿ ನಿಜವಾಗಿ ಯಾರೂ ಇಳಿಯುವುದಿಲ್ಲ, ಆದರೂ ಕಾಯುತ್ತಾರೆ. ನನಗೆ ಆ ಕಾಯುವುದೇ ತುಂಬ ಇಷ್ಟ.

ವ್ಯಾಗನ್ನು ಮಿಲ್ಲಿನ ಬಾಗಿಲಿಗೆ ಸರಿಯಾಗಿ ನಿಂತಿತು. ಖುಷಿಯಾಗಿ ತಲೆ ಎತ್ತಿದೆ. ಎದುರು ದಿಕ್ಕಿನಿಂದ ಪ್ಯಾಸೆಂಜರ್ ಗಾಡಿ ಬರಲು ನಾಲ್ಕು ನಿಮಿಷ ಉಳಿದಿತ್ತು, ಆ ಗಡಿಯಾರದ ನಾಲ್ಕು ನಿಮಿಷ. ಅದು ಬರುವ ಐದು ನಿಮಿಷ ಮುಂಚೆಯೇ ನನ್ನ ಗಾಡಿ ಮೇನ್ ಲೈನ್ ಬಿಟ್ಟು ಲೂಪಿನಲ್ಲಿ ಇರಬೇಕಿತ್ತು. ಎಂಟು ವ್ಯಾಗನ್ನು, ಬ್ರೇಕ್ ವ್ಯಾನು ಇನ್ನೂ ಮೇನ್ ಲೈನಿನ ಮೇಲೇ ನಿಂತಿದ್ದವು. ಪ್ಯಾಸೆಂಜರ್ ಊರಾಚೆ ನಿಂತಿತು. ಹನ್ನೊಂದು ನಿಮಿಷ ತಡ. ಡಿಸ್ಪ್ಯಾಚರ್ ಫೋನಿನಲ್ಲಿ ಬೈಯಲಿಲ್ಲ, ಸಮಯ ಬರೆದುಕೊಂಡರು ಅಷ್ಟೇ. ಅದು ಬೈಗುಳಕ್ಕಿಂತ ಜಾಸ್ತಿ ನಾಟಿತು. ಆಮೇಲೆ ಅಲ್ಲಿಗೆ ಬರುವ ಒಬ್ಬ ನಿವೃತ್ತ ಬ್ರೇಕ್‌ಮನ್ ನನ್ನ ಪಕ್ಕ ನಿಂತು ಹೇಳಿದರು: ಊರಿಗೆ ಬಂದ ಕೂಡಲೇ ಯಾವ ವ್ಯಾಗನ್ ಎಲ್ಲಿಗೆ ಅಂತ ನೋಡಬೇಡ, ಇನ್ನೊಂದು ಗಾಡಿ ಬಂದರೆ ನಿನ್ನ ಗಾಡಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲು ನೋಡು. ಇನ್ನೊಂದು ಗಾಡಿ ಹಾದು ಹೋಗುವವರೆಗೆ, ಲೂಪಿನಲ್ಲಿ ಗಾಡಿ ನಿಲ್ಲಿಸಿದರೆ ಎಂಜಿನ್ ಸುತ್ತಿಸಲಾಗದು, ಎಂಜಿನ್ ಸುತ್ತಿಸಿದರೆ ಗಾಡಿ ನಿಲ್ಲಿಸಲಾಗದು. ಎರಡರಲ್ಲಿ ಒಂದು ಮಾತ್ರ. ಅವತ್ತು ನಾನು ಮೊದಲು ಲೂಪಿಗೆ ಸರಿದು, ಪ್ಯಾಸೆಂಜರ್ ಹೋದ ಮೇಲೆ ಕೆಲಸ ಶುರು ಮಾಡಬೇಕಿತ್ತು. ನಿಮ್ಮಪ್ಪನೂ ಅದನ್ನೇ ಹೇಳುತ್ತಿದ್ದರು ಅಂತ ನನಗೆ ಗ್ಯಾರಂಟಿ.

ಮಂಜ, ನಮ್ಮಲ್ಲಿ ಈ ಕೆಲಸವೇ ಮರೆಯಾಯಿತು. 80ರ ದಶಕದಿಂದ ನಮ್ಮ ರೈಲ್ವೆ ಬಿಡಿ ವ್ಯಾಗನ್ ಕಡಿಮೆ ಮಾಡುತ್ತಾ ಪೂರ್ತಿ ರೇಕಿನ ಕಡೆ ಹೋಯಿತು. ಒಂದೇ ಸರಕು, ಒಂದು ಕಡೆಯಿಂದ ಇನ್ನೊಂದು ಕಡೆಗೆ, ಮಧ್ಯೆ ಬಿಡಿಸುವುದಿಲ್ಲ, ಕೂಡಿಸುವುದಿಲ್ಲ. ವ್ಯಾಗನ್‌ಗಳು ಬೇಗ ಖಾಲಿಯಾಗಿ ಮುಂದಿನ ಸರಕಿಗೆ ಸಿಗುತ್ತವೆ, ಅದರ ಲಾಭ ದೊಡ್ಡದು, ನಾನು ಅಲ್ಲ ಅನ್ನುವುದಿಲ್ಲ. ಆದರೆ ಎರಡು ಮೂಟೆ ಕಳಿಸುವ ಸಣ್ಣ ವ್ಯಾಪಾರಿಗೆ, ಸಣ್ಣ ಸ್ಟೇಷನ್ನಿನ ಗೂಡ್ಸ್ ಶೆಡ್ಡಿಗೆ, ಲೇಬಲ್ಲು ಓದಿ ಗಾಡಿ ಕಟ್ಟುವ ನಿಮ್ಮಪ್ಪನಂಥವರ ಕೈಚಳಕಕ್ಕೆ ಜಾಗ ಉಳಿಯಲಿಲ್ಲ. ಆ ಕೈಚಳಕ ಗೊತ್ತಿರುವವರು ಈಗ ಎಷ್ಟು ಜನ ಇದ್ದಾರೆ? ನಿಮ್ಮ ಹಾಲ್‌ನಲ್ಲಿ ಒಬ್ಬರಿದ್ದಾರೆ.

ಅದಕ್ಕೇ ನನ್ನದೊಂದು ಕೋರಿಕೆ. ಆರೂವರೆ ಅಡಿ ಉದ್ದ, ಒಂದು ಅಡಿ ಅಗಲದ ಒಂದು ಹಲಗೆ ಮಾಡಿಸು. ಕಿಟಕಿಯ ಪಕ್ಕ, ಅಪ್ಪ ಕುರ್ಚಿಯಲ್ಲಿ ಕೂತರೆ ಕೈಗೆಟಕುವ ಎತ್ತರಕ್ಕೆ. ಇಂಗ್ಲೆಂಡಿನ ಅಲನ್ ರೈಟ್ ಎಂಬುವರು ಮಾಡಿದ ಇಂಗಲ್‌ನುಕ್ ಅಂತ ಒಂದು ಸಣ್ಣ ಯಾರ್ಡ್ ಇದೆ. ಎರಡೇ ಪಾಯಿಂಟು, ಮೂರು ಹಳಿ. ಒಂದರಲ್ಲಿ ಐದು ವ್ಯಾಗನ್ ಹಿಡಿಯಬೇಕು, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ಹಿಂದೆ ಮುಂದೆ ಮಾಡುವ ತುದಿಯಲ್ಲಿ ಎಂಜಿನ್ ಜೊತೆ ಮೂರೇ ವ್ಯಾಗನ್ನಿಗೆ ಜಾಗ. ಒಟ್ಟು ಎಂಟು ವ್ಯಾಗನ್. ಎಂಟು ಕಾರ್ಡು ಕಲಸಿ ಐದು ಎತ್ತು. ಬಂದ ಕ್ರಮದಲ್ಲೇ ಐದು ವ್ಯಾಗನ್ನಿನ ಗಾಡಿ ಕಟ್ಟಬೇಕು. ಲೆಕ್ಕ ಹಾಕಿದರೆ 6,720 ಥರ ಬರಬಹುದು, ಯಾವುದೇ ಬಂದರೂ ಬಿಡಿಸಬಹುದು. ದಿನಕ್ಕೊಂದು ಕಟ್ಟಿದರೂ ಹದಿನೆಂಟು ವರ್ಷ ಆಗುತ್ತದೆ. ಜಾನ್ ಅಲೆನ್ ಅವರ ಟೈಮ್‌ಸೇವರ್ ಅಂತ ಇನ್ನೊಂದು ಹೆಸರುವಾಸಿ ಆಟ ಇದೆ. ಅದು ಗಡಿಯಾರದ ಜೊತೆ ಪಂದ್ಯ. ನಿಜವಾದ ಯಾರ್ಡನ್ನು ಯಾರೂ ಹಾಗೆ ಕಟ್ಟುವುದಿಲ್ಲ, ಅಪ್ಪನಿಗೆ ಅದು ಬೇಡ.

ಹಲಗೆ ಮಾತ್ರ ನಿನ್ನದು. ಡಿಸೆಂಬರಿನಲ್ಲಿ ನಮ್ಮಕ್ಕ ಊರಿಗೆ ಬರುತ್ತಾಳೆ. ಅವಳ ಕೈಯಲ್ಲಿ ಒಂದು ಸಣ್ಣ ಎಂಜಿನ್, ಎಂಟು ವ್ಯಾಗನ್, ಎರಡು ಪಾಯಿಂಟು, ಹಳಿ, ಕಂಟ್ರೋಲರ್, ಬಿದಿರು ಕಡ್ಡಿ ಎಲ್ಲಾ ಕಳಿಸುತ್ತೇನೆ. ನಿಮ್ಮೂರಿನ ಕರೆಂಟಿಗೆ ಸರಿಹೋಗುವ ಅಡಾಪ್ಟರ್ ಕೂಡ ಇರುತ್ತದೆ. ಹಳಿ ಕೂರಿಸುವ ದಿನ ವಿಡಿಯೋ ಕಾಲ್ ಮಾಡು, ಜೊತೆಯಲ್ಲಿ ಕೂತು ಮಾಡೋಣ.

ಜೇಬಿರುವ ಎಂಟು ಕಾರ್ಡೂ ಇರುತ್ತವೆ. ವ್ಯಾಗನ್ ನಂಬರು ನಾನೇ ಬರೆದಿದ್ದೇನೆ, ಚೀಟಿಗಳನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಎಲ್ಲಿಂದ, ಎಲ್ಲಿಗೆ, ಏನು ಸರಕು, ಅದನ್ನು ಅಪ್ಪ ತಮ್ಮ ಕೈಯಲ್ಲೇ ಬರೆಯಲಿ. ಕೊಬ್ಬರಿಯ ವ್ಯಾಗನ್ ಯಾವುದು ಅಂತ ಬರೆದ ಮೇಲೆ ನನಗೊಂದು ಫೋಟೋ ಕಳಿಸು.

ನಿನ್ನ,
ಬೇಲಿ ಮೇಲೆ ಪಕ್ಕದಲ್ಲಿ ಕೂರುತ್ತಿದ್ದವನು