ಕಾರಿನಲ್ಲಿ ಒಂಟಿ ಮಕ್ಕಳು ಕಂಡರೆ

ಎಲ್ಲರಿಗೂ ನಮಸ್ಕಾರ.

ಶನಿವಾರ ಸಂಜೆ ಪಾರ್ಕಿಂಗ್‌ನಲ್ಲಿ ಆದ ಜಗಳ ನಿಮಗೆಲ್ಲ ಗೊತ್ತೇ ಇದೆ. ಕಾರಿನೊಳಗೆ ಎರಡು ಪುಟ್ಟ ಮಕ್ಕಳು, ಗಾಜು ನಾಲ್ಕು ಬೆರಳಷ್ಟು ಇಳಿಸಿತ್ತು, ದೊಡ್ಡವರು ಯಾರೂ ಇರಲಿಲ್ಲ. ನಮ್ಮವರು ಕೇಳಿದ್ದು ಸರಿಯೇ. ಆದರೆ ಆ ತಾಯಿ ಬಂದ ಮೇಲೆ ಸುತ್ತುವರಿದು ಕೂಗಾಡಿದ್ದು ಬೇಕಿರಲಿಲ್ಲ. ಮಕ್ಕಳು ಹೆದರಿ ಅತ್ತಿದ್ದೇ ಬಂತು.

ಮುಂದಿನ ಸಲ ಮೊದಲು ಮಗುವನ್ನು ನೋಡಿ, ಜಗಳ ಆಮೇಲೆ. ಬಿಸಿಲಲ್ಲಿ ಮುಚ್ಚಿದ ಕಾರಿನ ಒಳಗೆ 10 ನಿಮಿಷಕ್ಕೇ ಸುಮಾರು 10 ಡಿಗ್ರಿ ಸೆಲ್ಸಿಯಸ್ ಜಾಸ್ತಿಯಾಗುತ್ತದೆ. ಗಾಜು ಸ್ವಲ್ಪ ಇಳಿಸಿದರೆ ಹೆಚ್ಚೇನೂ ಉಪಯೋಗವಿಲ್ಲ. ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ 3ರಿಂದ 5 ಪಟ್ಟು ಬೇಗ ಬಿಸಿಯೇರುತ್ತದೆ. ಮಗು ಮಂಕಾಗಿದ್ದರೆ, ಕರೆದರೂ ಓಗೊಡದಿದ್ದರೆ ಯಾರಿಗೂ ಕಾಯಬೇಡಿ. ತಕ್ಷಣ ತುರ್ತು ಸಂಖ್ಯೆಗೆ ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ.

ಮಗು ಆರಾಮಾಗಿದೆಯಾ? ಒಬ್ಬರು ಪಕ್ಕದಲ್ಲೇ ನಿಲ್ಲಿ. ಇನ್ನೊಬ್ಬರು ಸೆಕ್ಯೂರಿಟಿಗೆ ಗಾಡಿ ನಂಬರ್ ಕೊಟ್ಟು ಮೈಕಿನಲ್ಲಿ ಕೂಗಿಸಿ. ಪೋಷಕರು ಬಂದಾಗ "ಮಕ್ಕಳು ಒಂಟಿಯಾಗಿದ್ರು, ಅದಕ್ಕೆ ನಿಂತಿದ್ವಿ" ಅಂದರೆ ಸಾಕು. "ನೀವೆಂಥ ತಾಯಿ" ಅನ್ನೋ ಮಾತು ಮಾತ್ರ ಬೇಡ. (ತಂದೆಗೆ ಹಾಗೆ ಯಾರೂ ಕೇಳಲ್ಲ, ಅಲ್ವಾ?) ಅವರು ರೇಗಿದರೆ ವಾದಕ್ಕಿಳಿಯದೆ ಬಂದುಬಿಡಿ. ಅದೇ ಕಾರು ಮತ್ತೆ ಮತ್ತೆ ಹೀಗೇ ಕಂಡರೆ ಸೆಕ್ಯೂರಿಟಿಯವರ ಬಳಿ ಬರಹದಲ್ಲಿ ದೂರು ಕೊಡೋಣ.

ವಿಡಿಯೋ ಮಾಡಿದವರು ದಯವಿಟ್ಟು ಇವತ್ತೇ ಅಳಿಸಿ, ಬೇರೆ ಗುಂಪಿಗೆ ಕಳಿಸಿದ್ದರೆ ಅಲ್ಲೂ ತೆಗೆಸಿ. ಮಕ್ಕಳ ಮುಖ ಸ್ಪಷ್ಟವಾಗಿ ಕಾಣುತ್ತಿದೆ. ಅಳಿಸಿದವರು ಇಲ್ಲೇ "ಆಯ್ತು" ಅಂತ ಹಾಕಿ. ಬೇರೆ ಸಲಹೆ ಇದ್ದರೆ ಗುರುವಾರದೊಳಗೆ ತಿಳಿಸಿ.